ಮಾದಮ್ಮನ ದನಿಯಿದ್ದ ಪೆಟ್ಟಿಗೆ

ದೇವನೂರಿನ ಪ್ರೇಮ್‌ಕುಮಾರ್ ಬೆಸುಗೆ ಹಾಕಲು ಕಲಿತದ್ದು ನಂಜನಗೂಡಿನ ನನ್ನ ರೇಡಿಯೋ ರಿಪೇರಿ ಅಂಗಡಿಯಲ್ಲಿ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ರೇಡಿಯೋ ಬಿಚ್ಚಿ ಬಿಚ್ಚಿಯೇ ಕಲಿತೆ. ಆದರೂ ಅವನ ಬಾಯಲ್ಲಿ ನಾನು ಮೇಷ್ಟ್ರು. ಅವನೂ ಅದೇ ಬಳ್ಳಿಯ ಕಾಯಿ. ಪಂಪ್‌ಸೆಟ್ ರಿಪೇರಿಯಲ್ಲಿ ಹೊಟ್ಟೆ ಹೊರೆಯುತ್ತಲೇ, ಯಾವುದೋ ಕಚೇರಿಯವರು ಗುಜರಿಗೆ ಹಾಕಿದ ಕಂಪ್ಯೂಟರ್ ತಂದು, ವಿಡಿಯೋ ನೋಡಿ ನೋಡಿ ಅದನ್ನು ಸರ್ವರ್ ಮಾಡಿದ. ಅಂದರೆ ಮನೆಯಲ್ಲೇ ಕೂತು ಹಗಲಿರುಳು ಓಡುವ, ದೂರದವರು ಕೇಳಿದರೂ ಇಟ್ಟದ್ದನ್ನು ಎತ್ತಿಕೊಡುವ ಪೆಟ್ಟಿಗೆ. ಅದರೊಳಗಿದ್ದ ಸೊತ್ತು ಒಂದೇ: ಅವನ ಅಕ್ಕ ಮಾದಮ್ಮನ ಹಾಡು.

ಮಾದಮ್ಮ ತಾಯಿಯಿಲ್ಲದ ತಮ್ಮನನ್ನು ಸಾಕಿದವಳು. ನಾಟಿ ಗದ್ದೆಯಲ್ಲಿ ಅವಳು ದನಿ ತೆಗೆದರೆ ಪಕ್ಕದ ಗದ್ದೆಯ ಹೆಂಗಸರೂ ಬೆನ್ನುನೋವು ಮರೆಯುತ್ತಿದ್ದರು. ಒಮ್ಮೆ ಯಾರೋ ಅವಳ ಸೋಬಾನೆ ಪದವನ್ನು ಫೋನಿನಲ್ಲಿ ಹಿಡಿದುಕೊಂಡು ಹೋಗಿ, ಡ್ರಮ್ಮು ಬಡಿಸಿ, ತನ್ನ ಹೆಸರು ಹಾಕಿ ಇಂಟರ್‌ನೆಟ್ಟಿಗೆ ಬಿಟ್ಟ. ಮೂರು ದಿನ ಅವಳು ಸರಿಯಾಗಿ ಉಣ್ಣಲಿಲ್ಲ.

“ನನ್ ದನಿ ಕಂಡೋರ್ ಜೇಬಲ್ಲಿ ಇರಾದ್ ಬ್ಯಾಡ ಕಣ್ಲಾ. ನಮ್ಮನೇಲೇ ಇರ್ಲಿ,” ಅಂದಳು.

“ಇಲ್ಲೇ ಮಡೀಕತೀನಿ ಕಣಕ್ಕ,” ಅಂದ.

ಆ ಮಾತಿಗೇ ಸರ್ವರ್ ಹುಟ್ಟಿದ್ದು. ಆರು ವರ್ಷ ಅಕ್ಕನನ್ನು ಕೂರಿಸಿ ಹಾಡಿಸಿದ. ಮುನ್ನೂರು ಚಿಲ್ಲರೆ ಪದ. ನೆಂಟರೂ ಪಾಸ್‌ವರ್ಡ್ ಹಾಕಿ ಕೇಳಬೇಕು, ಅಷ್ಟೇ. ಯಾರಿಗೂ ನಕಲು ಕೊಡಲಿಲ್ಲ.

“ಬಿತ್ತನೆ ರಾಗೀನ ಉಣ್ಣೋ ರಾಗಿ ಜೊತೆ ಮಡಗಬ್ಯಾಡ ಕಣೋ,” ಅಂತ ನಾನೇ ಹೇಳಿದ್ದೆ. ಆಗ ಎಲ್ಲವನ್ನೂ ಇನ್ನೊಂದು ಹಾರ್ಡ್ ಡಿಸ್ಕಿಗೆ ತುಂಬಿ ನನ್ನ ಅಂಗಡಿಯ ಬೀರುವಿನಲ್ಲಿ ಇಟ್ಟ.

ಹೋದ ವರ್ಷ ಸುಗ್ಗಿಯ ಹೊತ್ತಿಗೆ ಮಾದಮ್ಮ ತೀರಿಕೊಂಡಳು. ಮಣ್ಣು ಮಾಡಿದ ಮಾರನೆಯ ದಿನ ತಿ. ನರಸೀಪುರದಿಂದ ಚಿಕ್ಕಮ್ಮ ರಾಚಮ್ಮ ಫೋನು ಮಾಡಿದಳು. ಕಾಲು ಮುರಿದು ಮಲಗಿದ್ದ ಮುದುಕಿ, ಬರಲಾಗಿರಲಿಲ್ಲ.

“ಏನ್ಲಾ ಪ್ರೇಮ, ಮಾದಿ ದನಿ ಕೇಳಾನಾ ಅಂದ್ರೆ ನಿನ್ ಪೆಟ್ಗೆ ಪಾಸ್‌ವಲ್ಡು ಕೇಳ್ತದಲ್ಲೋ! ನಾನೇನ್ ಕಳ್ಳೀನಾ? ಸಾವಿನ್ ಮನೆ ಬಾಗ್ಲಿಗೆ ಬೀಗ ಆಕ್ದೋರ್ನ ಎಲ್ಲಾರ ಕಂಡಿದ್ದೀಯಾ?”

ನಮ್ಮ ಕಡೆ ತಿಥಿ ಮುಗಿಯುವವರೆಗೆ ಸತ್ತವರ ಮನೆಯ ಬಾಗಿಲು ಮುಚ್ಚುವುದಿಲ್ಲ. ಆ ಮಾತು ಅವನಿಗೆ ನಾಟಿತು. ನೆಂಟರೆಲ್ಲ ಕೇಳಲಿ ಎಂದು ಪಾಸ್‌ವರ್ಡನ್ನೇ ತೆಗೆದುಹಾಕಿದ. ಹಾಡು ಕೇಳುವಷ್ಟು ಮಾತ್ರ ತೆರೆಯಬೇಕಿದ್ದ ಬಾಗಿಲು ದುಃಖದ ಅವಸರದಲ್ಲಿ, ಯಾರು ಬೇಕಾದರೂ ಒಳಗೆ ಬಂದು ಕೈಯಾಡಿಸುವಷ್ಟು ಪೂರ್ತಿ ತೆರೆದುಕೊಂಡಿತು. ಎಂಟನೇ ದಿನ ನನ್ನ ಅಂಗಡಿಗೆ ಬಂದು ಬೀರುವಿನ ಡಿಸ್ಕು ಕೇಳಿದ. ಆಸ್ಪತ್ರೆಯಲ್ಲಿ ಅಕ್ಕ ಹಾಡಿದ ಕೊನೆಯ ಪದವನ್ನು ಅದಕ್ಕೂ ಸೇರಿಸಬೇಕಿತ್ತು. ಎತ್ತಿಕೊಟ್ಟವನು ನಾನೇ. ಬಾಗಿಲು ಹಾಕಿದ್ದೀಯಾ ಎಂದು ಕೇಳಲಿಲ್ಲ. ಐವತ್ತು ವರ್ಷದ ಕಸುಬು, ಆ ಒಂದು ಮಾತು ಬಾಯಿಗೆ ಬರಲಿಲ್ಲ.

ಸರ್ವರಿಗೆ ಚುಚ್ಚಿದ ಡಿಸ್ಕನ್ನು ಅವನು ತೆಗೆಯದೆ ಹಾಗೆಯೇ ಬಿಟ್ಟಿದ್ದ. ಹತ್ತನೇ ದಿನ ಬೆಳಿಗ್ಗೆ ನೋಡಿದರೆ ಒಂದು ಪದವೂ ತೆರೆಯುತ್ತಿಲ್ಲ. ಎಲ್ಲಿಯವರೋ ಕಾಣದ ಕಳ್ಳರು ಇಂಟರ್‌ನೆಟ್ಟಿನಿಂದ ನುಗ್ಗಿ, ಎರಡೂ ಕಡೆಯ ಹಾಡುಗಳಿಗೆ ತಮ್ಮ ಬೀಗ ಜಡಿದು, ದುಡ್ಡು ಕೊಟ್ಟರೆ ಕೀಲಿ ಕೊಡುತ್ತೇವೆಂದು ಇಂಗ್ಲಿಷಿನಲ್ಲಿ ಒಂದು ಓಲೆ ಬಿಟ್ಟಿದ್ದರು. ಅವರು ಕೊಟ್ಟ ವಿಳಾಸಕ್ಕೆ ಬರೆದರೆ ಉತ್ತರವೂ ಬರಲಿಲ್ಲ. ಬಿತ್ತನೆಯೂ ಹೋಯಿತು, ಉಣ್ಣುವುದೂ ಹೋಯಿತು.

ತಿಥಿಯ ದಿನ ಎಡೆ ಇಡುವ ಮೊದಲು ಮಾದಮ್ಮನ ಪದ ಕೇಳಬೇಕೆಂದು ಎಲ್ಲರೂ ಕೂತಿದ್ದರು. ಪ್ರೇಮ್‌ಕುಮಾರ್ ಎದ್ದು ನಿಂತು ಆದದ್ದನ್ನು ಹೇಳಿದ. ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

“ನೀನೇ ಒಂದ್ ಪದ ಯೋಳವ್ವ,” ಎಂದು ಒಬ್ಬ ಮುದುಕಿ ಮಾದಮ್ಮನ ಮಗಳು ಕೋಮಲಳಿಗೆ ಅಂದಳು.

ಕೋಮಲ ಒಂದು ಸಾಲು ಎತ್ತಿದಳು. ಎರಡನೆಯದು ಬರಲಿಲ್ಲ.

“ಕಲ್ಸವ್ವ ಅಂದಾಗ್ಲೆಲ್ಲ, ಅವಸ್ರ ಏನು, ಎಲ್ಲಾ ನಿಮ್ ಮಾವನ್ ಪೆಟ್ಗೇಲದೆ ಅಂತಿದ್ಲು,” ಅಂದಳು.

ಪ್ರೇಮ್‌ಕುಮಾರ್ ಪೆಟ್ಟಿಗೆ ಇದ್ದ ಕೋಣೆಯ ಕಡೆ ತಿರುಗಿ ಕೂಡ ನೋಡಲಿಲ್ಲ.

ಮೊನ್ನೆ ಅವನ ಮನೆಗೆ ಹೋಗಿದ್ದೆ. ಸರ್ವರ್ ಇನ್ನೂ ಓಡುತ್ತಿತ್ತು. ಫ್ಯಾನು ತಿರುಗುತ್ತಿತ್ತು, ಹಸಿರು ದೀಪ ಮಿಣುಕುತ್ತಿತ್ತು. ಪಕ್ಕದಲ್ಲಿ ಆ ಡಿಸ್ಕು, ಅದರ ಮೇಲೆ ಒಗೆದು ಮಡಿಸಿದ ಬಟ್ಟೆ.

“ಇನ್ಯಾಕೋ ಇದು? ಕರೆಂಟು ದಂಡ. ಆರಿಸ್ಬಿಡ್ತೀನಿ ತಡಿ,” ಎಂದು ಸ್ವಿಚ್ಚಿಗೆ ಕೈಯಿಟ್ಟೆ.

“ಬ್ಯಾಡಿ ಮೇಷ್ಟ್ರೇ. ಅಕ್ಕ ಒಳ್ಗೇ ಅವ್ಳೆ. ಬೀಗದ್ ಕೈ ಮಾತ್ರ ಯಾರತ್ರಾನೋ ಅದೆ.”

ನಾನು ಸ್ವಿಚ್ಚಿನ ಮೇಲಿಂದ ಕೈ ತೆಗೆದೆ.