ಕೈಗವಸಿನ ಉಳಿತಾಯ

ಜಿಗಣಿಯ ಕಾರ್ಖಾನೆಯೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಪ್ರತಿ ತಿಂಗಳೂ ಬಜೆಟ್ಟನ್ನೂ ನಿಜವಾದ ಖರ್ಚನ್ನೂ ಪಕ್ಕಪಕ್ಕದಲ್ಲಿಟ್ಟು, ಹೆಚ್ಚಾದದ್ದಕ್ಕೆ ಮಾತ್ರ ಕಾರಣ ಕೇಳುತ್ತಿದ್ದೆ. ಕಡಿಮೆಯಾದರೆ ಯಾರಾದರೂ ಕೇಳುತ್ತಾರೆಯೇ? ಒಮ್ಮೆ ಕೈಗವಸಿನ ಖರ್ಚು ಅರ್ಧಕ್ಕಿಳಿದಿತ್ತು. ಮೀಟಿಂಗಿನಲ್ಲಿ ಎಲ್ಲರೆದುರು ಸೂಪರ್‌ವೈಸರನ್ನು ಹೊಗಳಿಬಿಟ್ಟೆ.

ಮರುವಾರ ಕ್ಯಾಂಟೀನಿನಲ್ಲಿ ರಾಯಚೂರು ಕಡೆಯ ಕೆಲಸಗಾರನೊಬ್ಬ ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿನ್ನಲು ಹೆಣಗುತ್ತಿದ್ದ. ಬಲಗೈಗೆ ಬ್ಯಾಂಡೇಜು ಕಟ್ಟಿತ್ತು. ಏನಾಯಿತೆಂದು ಕೇಳಿದೆ.

“ತಗಡು ಕೊಯ್ತ್ರೀ ಸರ್. ಗ್ಲೌಸ್ ಹರದಿದ್ವು. ಹೊಸಾವು ಕೇಳಿದ್ರ, ಮುಂದಿನ ತಿಂಗಳ ನೋಡೂಣು ಅಂದ್ರು.”

ಆ ತಿಂಗಳು ಚಿಕಿತ್ಸೆಯ ಖರ್ಚು ಬಜೆಟ್ ಮೀರಿತು. ಕಾರಣವನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ, ನನಗೇ ಗೊತ್ತಿತ್ತು. ಆದರೂ ಹಾಳೆಯಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆದು ಸಹಿ ಹಾಕಿದೆ.