ಬರದ ಕೊಡ್ರಿ

ನರಗುಂದದ ನಮ್ಮ ಕಚೇರಿಯಲ್ಲಿ ನೆಟ್‌ವರ್ಕ್ ನೋಡುತ್ತಿದ್ದ ಮೇಡಂ ಸದಾ ಸಿಡುಕುತ್ತಿದ್ದರು. ಕ್ಲೌಡ್ ಜಾಲಗಳನ್ನು ಕೂಡಿಸುವ ಗೇಟ್‌ವೇಯಲ್ಲಿ ಮಾಹಿತಿ ಓಡಾಡುವ ಯಾವ ದಾರಿ ಬೇಕಾದರೂ ಮೊದಲು ಫೈಲಿನಲ್ಲಿ ಬರೆಯಬೇಕು. ಅಲ್ಲಿ ಬರೆಯದ್ದನ್ನು ಗೇಟ್‌ವೇ ನಡೆಸುವ ಕಂಪ್ಯೂಟರುಗಳ ಗುಂಪಾದ ಕ್ಲಸ್ಟರ್ ತಾನಾಗಿಯೇ ಅಳಿಸುತ್ತದೆ. ಹಾಗಾಗಿ ಯಾರು ಏನು ಕೇಳಿದರೂ ಅವರು ತಲೆಯೆತ್ತದೆ, “ಬರದ ಕೊಡ್ರಿ” ಎನ್ನುತ್ತಿದ್ದರು.

ಒಮ್ಮೆ ಕಚೇರಿಯ ಸಾಹೇಬರು ಅವಸರಕ್ಕೆ ಗಜೇಂದ್ರಗಡದ ಒಂದು ಆಸ್ಪತ್ರೆಯ ದಾರಿಯನ್ನು ಫೈಲು ಬಿಟ್ಟು ನೇರ ಗೇಟ್‌ವೇಗೇ ಸೇರಿಸಿದರು. ಹತ್ತೇ ನಿಮಿಷಕ್ಕೆ ಕ್ಲಸ್ಟರ್ ಅದನ್ನು ಅಳಿಸಿತು. ಆಸ್ಪತ್ರೆಯಿಂದ ಬರಲು ಶುರುವಾಗಿದ್ದ ರಿಪೋರ್ಟುಗಳು ನಿಂತವು.

“ಈಕೀನ ಅಳಿಸ್ಯಾಳ,” ಎಂದು ಸಾಹೇಬರು ಎಲ್ಲರೆದುರು ಮೇಡಂ ಕೈಕೆಳಗಿದ್ದ ನನ್ನತ್ತ ಬೆರಳು ಮಾಡಿದರು.

ಮೇಡಂ ಮೊದಲು ದಾರಿಯನ್ನು ಫೈಲಿಗೆ ಬರೆದರು. ಆಮೇಲೆ ಎದ್ದುಬಂದು ಸಾಹೇಬರ ಮುಂದೆ ಬಿಳಿ ಹಾಳೆ ಇಟ್ಟು, ಪೆನ್ನಿನ ಮುಚ್ಚಳ ತೆಗೆದರು.

“ಈಗ ಅಂದದ್ದನ್ನ ಬರದ ಕೊಡ್ರಿ.”

ಸಾಹೇಬರು ಪೆನ್ನು ಮುಟ್ಟಲಿಲ್ಲ. ಆ ಖಾಲಿ ಹಾಳೆಯನ್ನು ನಾನಿನ್ನೂ ಎಸೆದಿಲ್ಲ.