ಬಿದ್ದ ಮಣಿಕಟ್ಟು ಎದ್ದ ಕಥೆ

ಮಧ್ಯಾಹ್ನದ ನಿದ್ದೆಯಿಂದ ನಾನು ಎದ್ದೆ. ನನ್ನ ಬಲಗೈ ಏಳಲಿಲ್ಲ.

ತೋಳು ಎತ್ತಿದರೆ ಬಂತು. ಮಣಿಕಟ್ಟು ಮಾತ್ರ ಜೋತುಬಿದ್ದಿತ್ತು. ಬೆರಳು ಬಿಚ್ಚಲು ನೋಡಿದೆ. ಬಿಚ್ಚಲಿಲ್ಲ.

ಬನಹಟ್ಟಿಯ ನಮ್ಮ ಓಣಿಯ ನೇಕಾರರಿಗೆ ಒಂದು ಕೆಟ್ಟ ಚಾಳಿಯಿದೆ. ಉಂಡ ಮೇಲೆ ಒಳಗೆ ಹೋಗಿ ಮಲಗುವುದಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲೇ, ನೇಯ್ದ ಸೀರೆ ಸುತ್ತುವ ಮರದ ಮೇಲೆ ತೋಳು ಹಾಕಿ ಕಣ್ಣು ಮುಚ್ಚುತ್ತೇವೆ. ಚೌತಿ ಹತ್ತಿರ ಬಂದಿತ್ತು, ಕೆಲಸದ ಅವಸರ. ದಣಿದ ಮೈಗೆ ಅಂದು ಸತ್ತ ಹಾಗೆ ನಿದ್ದೆ ಬಂತು.

"ಲಕ್ವಾ ಹೊಡೀತಲ್ಲೋ ನನ ಮಗನ" ಎಂದು ಅವ್ವ ಕುಸಿದು ಕೂತಳು. ಆಮೇಲೆ ಎದ್ದು ಬಿಸಿ ಉಸುಕಿನ ಗಂಟು ಕಟ್ಟಿ ಕೈಬೆನ್ನಿಗೆ ಶಾಖ ಕೊಟ್ಟಳು. ಅವಳ ಸಮಾಧಾನಕ್ಕೆ ಹಾಯೆನಿಸುತ್ತದೆ ಎಂದೆ. ಗಂಟು ತೆಗೆದಾಗ ಗುಳ್ಳೆ ಎದ್ದಿತ್ತು.

ಸುಟ್ಟದ್ದು ನನಗೆ ಗೊತ್ತೇ ಆಗಿರಲಿಲ್ಲ.

ಓಣಿಯಲ್ಲಿ ಎಲ್ಲರಿಗಿಂತ ಬೇಗ ಮಗ್ಗದಿಂದ ಸೀರೆ ಇಳಿಸುವವನು ನಾನು. ಬಡಾಯಿಯಲ್ಲ, ಬೇಕಾದರೆ ಯಾರನ್ನಾದರೂ ಕೇಳಿ. ಆ ಕೈಗೆ ಈಗ ಲಾಳಿ ಓಡಿಸುವ ಹಗ್ಗ ಹಿಡಿಯಲಾಗದು. ಮನೆ ನಡೆಸುವ ಅಣ್ಣನೋ ವ್ಯವಹಾರದ ಮನುಷ್ಯ. "ದೀಪಾವಳಿತನಕ ನೋಡ್ತೀನಿ. ಆಮ್ಯಾಲ ಮಗ್ಗಕ್ಕ ಬ್ಯಾರೆ ಆಳು ಕುಂದರಸ್ತೀನಿ" ಎಂದ. ಅವನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

"ಮೊದಲ ಡಾಕ್ಟರ ಕಡೆ ಹೋಗಿ ಬರ್ತೀವ್ರಿ ಭಾವಾರ" ಎಂದಳು ನನ್ನ ಹೆಂಡತಿ ಗಂಗವ್ವ.

ಸಂಸ್ಥಾನ ಹೋಗಿ ನಮ್ಮ ಸೀಮೆ ಮುಂಬೈ ಸರ್ಕಾರಕ್ಕೆ ಸೇರಿದ ಮೇಲೆ ಜಮಖಂಡಿಗೆ ಬಂದಿದ್ದ ಡಾಕ್ಟರು ಮುಖ ನೋಡಿದರು, ಕಾಲು ನೋಡಿದರು, ಕೈಗೆ ಸೂಜಿ ಚುಚ್ಚಿದರು. ಹೇಗೆ ಮಲಗಿದ್ದಿರಿ ಎಂದು ಕೇಳಿದರು. ಹೇಳಿದೆ. ನಕ್ಕುಬಿಟ್ಟರು.

"ಇದು ಲಕ್ವಾ ಅಲ್ರಿ. ಲಕ್ವಾ ಅಂದ್ರ ಮಿದುಳಿಂದು. ನಿಮ್ಮ ಮಿದುಳು, ಬೆನ್ನುಹುರಿ ಎರಡೂ ಛಲೋ ಅದಾವು. ಅಲ್ಲಿಂದ ಕೈಗೆ ಬರೋ ನರ ಮರಕ್ಕ ಒತ್ತೈತಿ, ಅಷ್ಟ."

ಚಿತ್ರ ಬರೆದು ತೋರಿಸಿದರು. ನರವೆಂದರೆ ಒಂದೇ ಎಳೆಯಲ್ಲ, ಎಳೆಗಳ ಕಟ್ಟು. ಒಂದೊಂದು ಎಳೆಯೂ ಒಂದೊಂದು ನರ್ವ್ ಸೆಲ್ಲಿನ, ಅಂದರೆ ನರದ ಜೀವಕಣದ, ಉದ್ದನೆಯ ಬಾಲ. ಕೆಲವು ಸೆಲ್ಲುಗಳು ಬೆನ್ನುಹುರಿಯಲ್ಲಿ ಕೂತು ಕೈಗೆ ಅಪ್ಪಣೆ ಕಳಿಸುತ್ತವೆ. ಕೆಲವು ಅದರ ಪಕ್ಕದಲ್ಲಿದ್ದು ಚರ್ಮದ ಸುದ್ದಿಯನ್ನು ಒಳಗೆ ಮುಟ್ಟಿಸುತ್ತವೆ. ಎರಡೂ ದಾರಿ ಕಟ್ಟಿದ್ದರಿಂದಲೇ ಕೈ ಏಳಲೂ ಇಲ್ಲ, ಸುಟ್ಟದ್ದು ತಿಳಿಯಲೂ ಇಲ್ಲ. ಇನ್ನೊಂದು ಜಾತಿಯ ಸೆಲ್ಲುಗಳಿವೆ. ಅವು ಸುದ್ದಿ ಒಯ್ಯುವುದಿಲ್ಲ. ಎಳೆಯನ್ನು ಸುತ್ತಿಕೊಂಡು ಕಾಯುತ್ತವೆ.

"ಎಳಿಗೆ ಗಂಜಿ ಹಚ್ಚಿದಂಗ ಏನ್ರಿ?" ಎಂದೆ.

"ಹಂಗ ಅನ್ರಿ. ಆದ್ರ ಈ ಗಂಜಿಗೆ ಜೀವ ಐತಿ. ಒತ್ತಿದಲ್ಲಿ ಅಳಿಸಿ ಹೋಗಿದ್ದನ್ನ ತಾನ ಮತ್ತ ಹಚ್ಚತೈತಿ. ಒಳಗ ಎಳಿ ಹರಿದಿರಲಿಕ್ಕಿಲ್ಲ ಅನಸ್ತೈತಿ. ಕಾದು ನೋಡಬೇಕು."

ಗಂಜಿ ಹೋದ ಎಳೆ ಜೂಲೆದ್ದು ಮಗ್ಗದಲ್ಲಿ ಸಿಕ್ಕಿಬೀಳುತ್ತದೆ, ಮತ್ತೆ ಗಂಜಿ ಹಚ್ಚಿದರೆ ಓಡುತ್ತದೆ; ಅದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮನಸ್ಸು ಹಗುರಾಯಿತು.

ಮಣಿಕಟ್ಟು ಜೋಲದಂತೆ ಸ್ಪ್ಲಿಂಟ್ ಎಂಬ ಆಸರೆಪಟ್ಟಿ ಕಟ್ಟಿ ಕಳಿಸಿದರು. ಗಂಗವ್ವ ದಿನಾ ಅದನ್ನು ಬಿಚ್ಚಿ ಬೆರಳು ಎತ್ತಿ ಇಳಿಸುತ್ತಿದ್ದಳು, ಆಮೇಲೆ ಸುದ್ದಿ ಮುಟ್ಟಿತೇ ಎಂದು ಕೈಬೆನ್ನು ಚಿವುಟುತ್ತಿದ್ದಳು. ಹಳೆಯ ಸಿಟ್ಟನ್ನೆಲ್ಲ ತೀರಿಸಿಕೊಂಡಳೆಂದು ನನ್ನ ಗುಮಾನಿ. ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಕೈ ಎಳೆದುಕೊಂಡೆ.

"ನೋವಾತನ್ರಿ?"

"ಆತು."

ಗಂಡನಿಗೆ ನೋವಾಯಿತೆಂದು ಅಷ್ಟು ಖುಷಿಪಟ್ಟ ಹೆಂಡತಿಯನ್ನು ನಾನು ಕಂಡಿಲ್ಲ. ಅದೇ ವಾರ ಮಣಿಕಟ್ಟು ಒಂದಿಷ್ಟು ಮೇಲೆದ್ದಿತು. ಆಮೇಲೆ ಬೆರಳುಗಳು ಒಂದೊಂದಾಗಿ ಮಾತು ಕೇಳತೊಡಗಿದವು.

ದೀಪಾವಳಿಗೆ ಮುಂಚೆ ಕುಣಿಗೆ ಇಳಿದೆ. ಅಣ್ಣ ಬಾಗಿಲಲ್ಲಿ ನಿಂತ. ಹಗ್ಗ ಎಳೆದೆ. ಲಾಳಿ ಅರ್ಧ ದಾರಿಯಲ್ಲೇ ನಿಂತಿತು. ಮತ್ತೆ ಎಳೆದೆ.

ಆ ಕಡೆ ಮುಟ್ಟಿತು.

"ಆ ಆಳಿಗೆ ಬರಬ್ಯಾಡ ಅಂತ ಹೇಳಿ ಬರ್ತೀನಿ" ಎಂದು ಅಣ್ಣ ಚಪ್ಪಲಿ ಮೆಟ್ಟಿದ.

ಹೆಬ್ಬೆರಳ ಹತ್ತಿರ ಇನ್ನೂ ಜುಮ್ಮೆನ್ನುತ್ತದೆ. ಇರಲಿ. ಆ ದೇವರು, ಆ ಡಾಕ್ಟರು, ಎಳೆ ಕಾಯುವ ಆ ಜೀವಗಳು, ಎಲ್ಲರಿಗೂ ಶರಣು. ಲಾಳಿಗೆ ಹಾಕುವ ನೂಲನ್ನು ಪಡಸಾಲೆಯಲ್ಲಿ ಸುತ್ತುತ್ತಿದ್ದ ಗಂಗವ್ವ ಸಂಜೆ ಹೊತ್ತಿಗೆ ಕೂಗಿದಳು: "ಸಾವಕಾಶ ನೇಯ್ರಿ, ನಾ ಸುತ್ತಿದ ನೂಲು ಸಾಲವಲ್ದು."

ನಾನು ಇನ್ನಷ್ಟು ಜೋರಾಗಿ ಎಳೆದೆ.